ಚಿಂಟುವಿನ ನಿದ್ದೆಗೆ ಸರ್ಕಾರಿ ಮೆಮೊ

"ನಿದ್ದೆಯ ವಿಷಯ ಬಂದಾಗ ನೀನು ಬಾಯಿ ಬಿಡಲೇಬೇಕಪ್ಪಾ ಏಕನಾಥ. ಒಂಬತ್ತನೇ ಕ್ಲಾಸಿನವರೆಗೂ ಶಾಲೆಯಲ್ಲಿ ನೀನು ಮಾಡಿದ್ದು ಅದನ್ನೇ. ಈಗ ಆಫೀಸಿನ ಸ್ಟೂಲ್ ಮೇಲೆ ಕೂತು ಮಾಡ್ತಿರೋದೂ ಅದನ್ನೇ. ಇಡೀ ಆರ್.ಕೆ.ಪುರಂನಲ್ಲಿ ನಿನ್ನಷ್ಟು ಅನುಭವ ಯಾರಿಗಿದೆ!"

ಕೈಯಲ್ಲಿ ಸಪಾದಭಕ್ಷ್ಯದ ತಟ್ಟೆ ಹಿಡಿದು, ಏಕನಾಥನ ಮನೆಯ ಸತ್ಯನಾರಾಯಣ ಪೂಜೆಗೆ ಬಂದಿದ್ದ ಮೂವತ್ತು ಜನರ ನಡುವೆ ಹೀಗೆ ಹೇಳಿದವರು ಸೆಕ್ಷನ್ ಆಫೀಸರ್ ಮಹಂತೇಶ್. ಏಕನಾಥನ ಹೆಂಡತಿ ಭವ್ಯಶ್ರೀಗೆ ಅವರು ಸೋದರಮಾವ. ಮೂವತ್ತು ಜನವೂ ನಕ್ಕರು. ಸೆಕ್ಷನ್ ಆಫೀಸರು ಹಾಸ್ಯ ಮಾಡಿದಾಗ ಕೆಳಗಿನವರು ನಗದಿದ್ದರೆ ಅದು ಶಿಸ್ತಿನ ಪ್ರಶ್ನೆಯಾಗುತ್ತದೆ. ಆದ್ದರಿಂದ ಕೆಲವರು ಎರಡು ಸಲ ನಕ್ಕರು.

ಏಕನಾಥ ಹೇಳಿದ್ದಾದರೂ ಏನು? ಅವನ ಒಂಬತ್ತು ತಿಂಗಳ ಮಗ ಚಿಂಟು ಆ ಹೊತ್ತಿಗೆ ಹನ್ನೊಂದನೆಯವರ ತೋಳಿನಲ್ಲಿ ಕಿರುಚುತ್ತಿದ್ದ. ಒಬ್ಬರು ಕುಣಿಸಿದರು, ಒಬ್ಬರು ಬೆನ್ನು ಗುದ್ದಿದರು, ಒಬ್ಬರು ಕಿವಿಯ ಹತ್ತಿರ ಬೀಗದ ಕೈ ಗೊಂಚಲು ಆಡಿಸಿದರು. ನೋಡಿ ನೋಡಿ ತಡೆಯಲಾಗದೆ ಏಕನಾಥ, "ಅವನನ್ನ ಬಿಟ್ಟುಬಿಡಿ. ನಮ್ಮ ಸೆಕ್ಷನ್‌ನಲ್ಲಿ ಹನ್ನೊಂದು ಜನ ದಿನಾ ಎರಡೂವರೆಗೆ ಸರಿಯಾಗಿ ಮಲಗ್ತಾರೆ. ಯಾರಾದ್ರೂ ಎತ್ತಿ ಕುಣಿಸ್ತಾರಾ? ಅದೇ ಹೊತ್ತು, ಅದೇ ಕುರ್ಚಿ, ಅದೇ ಫ್ಯಾನು. ಮಗುವಿಗೂ ಅಷ್ಟೇ ಬೇಕಾಗಿರೋದು" ಎಂದಿದ್ದ. ಆರು ವರ್ಷ ದೆಹಲಿಯ ಒಂದು ಸಚಿವಾಲಯದ ಕಾರಿಡಾರಿನಲ್ಲಿ ಪ್ಯೂನಾಗಿ ಕೂತು ಕಣ್ಣಾರೆ ಕಂಡ ಸತ್ಯ ಅದು. ಅದನ್ನೇ ಪದವಿ ಪಡೆದ ಯಾರಾದರೂ ಹೇಳಿದ್ದರೆ ಮೂವತ್ತು ಜನವೂ ತಲೆದೂಗುತ್ತಿದ್ದರು. ಬುದ್ಧಿಯ ಮಾತಿಗೂ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕಾದ ಊರು ಅದು.

ನಗು ಇನ್ನೂ ಮುಗಿದಿರಲಿಲ್ಲ, ಅತ್ತೆ ನೀಲಾವತಿ ಎದ್ದು ನಿಂತರು. ಬೆಳಗಾವಿಯಿಂದ ಬಾಣಂತನಕ್ಕೆಂದು ಬಂದು ಒಂಬತ್ತು ತಿಂಗಳಾದರೂ ಬಾಣಂತನ ಮುಗಿದಿದೆಯೆಂದು ಒಪ್ಪದ ಹೆಂಗಸು ಆಕೆ.

"ತಮ್ಮಾ ಮಹಂತೇಶಾ, ಬರೂ ಭಾನುವಾರದ ಗೋವಾ ಎಕ್ಸ್‌ಪ್ರೆಸ್ಸಿಗೆ ಎರಡು ಟಿಕೆಟ್ ತೆಗಸು. ಮಗಳನ್ನ, ಕೂಸನ್ನ ಕರಕೊಂಡು ಹೋಗ್ತೀನಿ. ನಿದ್ದಿ ಇಲ್ಲದ ಕೂಸು ಕಡ್ಡಿ ಆಗೇದ. ಮಗಳು ನಿಂತಲ್ಲೇ ತೂಕಡಿಸ್ತಾಳ. ಈ ಮನ್ಯಾಗ ಇದು ಉಳಿಯೂದಿಲ್ಲ."

"ಎಷ್ಟು ದಿನಕ್ಕೆ ಅತ್ತೆ?" ಎಂದ ಏಕನಾಥ.

"ಅದು ಶಾಲಿಗೆ ಹೋಗೂತನಕ."

ಏಕನಾಥ ಹೆಂಡತಿಯ ಮುಖ ನೋಡಿದ. ಭವ್ಯಶ್ರೀ ನಿಜವಾಗಿಯೂ ನಿಂತಲ್ಲೇ ತೂಕಡಿಸುತ್ತಿದ್ದಳು.

"ಶನಿವಾರದೊಳಗೆ ಚಿಂಟು ಒಂದು ಸಂಜೆ ಅಳದೆ ತಾನಾಗಿ ಮಲಗಿದ್ರೆ?"

"ಮಲಗಿದ್ರ ಟಿಕೆಟ್ ಹರಿದು ಹಾಕ್ತೀನಿ," ಎಂದರು ನೀಲಾವತಿ.

"ನಾನೇ ಕ್ಯೂನಲ್ಲಿ ನಿಂತು ಕ್ಯಾನ್ಸಲ್ ಮಾಡಿಸ್ತೀನಿ!" ಎಂದರು ಮಹಂತೇಶ್. ಮೂವತ್ತು ಜನ ಮತ್ತೆ ನಕ್ಕರು.

ಸಂಜೆಯ ಎಂಟು ಗಂಟೆ ಎಂಬುದು ಏಕನಾಥನ ಬ್ಲಾಕಿನಲ್ಲಿ ಎಂಥ ಹೊತ್ತು ಎಂಬುದನ್ನು ಇಲ್ಲಿ ಹೇಳಬೇಕು. ಮೇಲಿನ ಮನೆಯ ಸರಳಾ ಟೀಚರ ಕುಕ್ಕರು ಸರಿಯಾಗಿ ಅದೇ ಹೊತ್ತಿಗೆ ಕೂಗಲು ಶುರುವಿಡುತ್ತಿತ್ತು. ಎದುರುಮನೆಯ ಚಡ್ಡಾಜಿ ತನ್ನ ಹಳೇ ಸ್ಕೂಟರನ್ನು ಓರೆ ಮಾಡಿ, ಒದ್ದು, ಬೈದು ಸ್ಟಾರ್ಟ್ ಮಾಡಿ ಪನೀರ್ ತರಲು ಹೊರಡುತ್ತಿದ್ದ. ಮೂರು ಮಹಡಿಯ ಹನ್ನೆರಡು ಟಿ.ವಿ.ಗಳಲ್ಲಿ ಹನ್ನೆರಡು ಅತ್ತೆಯರು ಹನ್ನೆರಡು ಸೊಸೆಯರ ಮೇಲೆ ಒಟ್ಟಿಗೆ ಕಣ್ಣು ಕೆಕ್ಕರಿಸುವಾಗ ಹಿನ್ನೆಲೆಯಲ್ಲಿ ಸಿಡಿಲು ಹೊಡೆಯುತ್ತಿತ್ತು. ಇಷ್ಟರ ನಡುವೆ ಚಿಂಟು ಕಣ್ಣು ಮುಚ್ಚಿದನೆನ್ನಿ, ಕೂಡಲೇ ಯಾರಾದರೂ ಬಂದು, "ಅಚ್ಛಾ, ಸೋ ಗಯಾ ಕ್ಯಾ?" ಎಂದು ಅವನ ಕೆನ್ನೆ ಹಿಂಡಿ, ಮಲಗಿದ್ದಾನೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಏಕನಾಥ ಕೈಮುಗಿದು ಕೇಳಿಕೊಂಡ, ಜಗಳ ಆಡಿದ, ಬಾಗಿಲಿಗೆ ಅಡ್ಡ ನಿಂತ. "ಇವನಿಗೇನು ಗೊತ್ತು" ಎಂದು ಜನ ಅವನ ತೋಳಿನ ಕೆಳಗೆ ತೂರಿ ಒಳಗೆ ಬಂದರು.

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋದವನೇ ಟೈಪಿಸ್ಟ್ ವೆಂಕಟಸುಬ್ಬಯ್ಯನವರ ಮೇಜಿನ ಮುಂದೆ ನಿಂತ. ನಿವೃತ್ತಿಗೆ ನಾಲ್ಕು ತಿಂಗಳು ಬಾಕಿ ಇದ್ದ ವೆಂಕಟಸುಬ್ಬಯ್ಯ, ಎಲ್ಲರೂ ಕಂಪ್ಯೂಟರಿಗೆ ಹೋದ ಮೇಲೂ ತಮ್ಮ ಹಳೇ ಟೈಪ್‌ರೈಟರನ್ನು ಬಿಡದೆ ಕಾಪಾಡಿಕೊಂಡಿದ್ದರು.

"ರಾಯರೇ, ನನ್ನ ಬಾಗಿಲಿಗೆ ಅಂಟಿಸೋಕೆ ಒಂದು ಚೀಟಿ ಬೇಕು. ಮಗು ಮಲಗೋ ಹೊತ್ತು, ತೊಂದರೆ ಕೊಡಬೇಡಿ ಅಂತ. ಟೈಪಾದ್ರೆ ಓದ್ತಾರೆ. ನನ್ನ ಕೈಬರಹಕ್ಕೆ ಯಾರೂ ಬೆಲೆ ಕೊಡಲ್ಲ."

"ಹೇಳು, ಏನೇನು ಬರಬೇಕು?"

ಏಕನಾಥ ಹೇಳಿದ. ಏಳೂವರೆಗೆ ಬೆಚ್ಚಗಿನ ಸ್ನಾನ, ಆಮೇಲೆ ಹೊಟ್ಟೆ ತುಂಬ ಹಾಲು, ಆಮೇಲೆ ದೀಪ ಸಣ್ಣ ಮಾಡಿ ಒಂದು ಹಾಡು, ದಿನಾ ಅದೇ ಹಾಡು. ಎಂಟಕ್ಕೆ, ಕಣ್ಣು ಇನ್ನೂ ತೆರೆದಿರುವಾಗಲೇ, ಹಾಸಿಗೆಗೆ ಹಾಕಬೇಕು. ಅತ್ತರೆ ಎತ್ತಿಕೊಂಡು ಓಡಾಡಬಾರದು, ಬಿಟ್ಟು ಹೋಗಲೂಬಾರದು. ಪಕ್ಕದಲ್ಲೇ ಕೂತು ತಟ್ಟುತ್ತಿರಬೇಕು. ಎಂಟೂವರೆವರೆಗೆ ಸದ್ದು ಕೂಡದು.

ವೆಂಕಟಸುಬ್ಬಯ್ಯ ಹತ್ತು ಬೆರಳೂ ಎತ್ತಿ ಕೀಲಿಗಳ ಮೇಲೆ ಇಳಿಸಿದರು. ಆದರೆ ಮೂವತ್ತನಾಲ್ಕು ವರ್ಷ ಒಂದೇ ಸರ್ಕಾರಿ ಇಂಗ್ಲಿಷಿನ ಧಾಟಿಯಲ್ಲಿ ಕುಟ್ಟಿದ ಬೆರಳುಗಳಿಗೆ ಚೀಟಿ ಬರೆಯುವುದು ಎಲ್ಲಿಂದ ಬರಬೇಕು? ಮೊದಲು ಫೈಲ್ ನಂಬರ್ ಬಂತು. ಆಮೇಲೆ ನಡುವೆ ದಪ್ಪಕ್ಷರದಲ್ಲಿ 'ಆಫೀಸ್ ಮೆಮೊರಾಂಡಮ್'. ವಿಷಯ: ಶಿಶುಗಳ ಸಾಯಂಕಾಲದ ನಿದ್ದೆ. "ಕೆಳಗೆ ಸಹಿ ಮಾಡಿರುವವರು ನಿರ್ದೇಶಿತರಾಗಿ ತಿಳಿಸುವುದೇನೆಂದರೆ..." ಯಾರಿಂದ ನಿರ್ದೇಶಿತರು ಎಂದು ಭಾರತ ಸರ್ಕಾರದಲ್ಲಿ ಈವರೆಗೆ ಯಾರೂ ಕೇಳಿದ್ದಿಲ್ಲ. ಕೊನೆಗೆ, "ಉಲ್ಲಂಘನೆಯನ್ನು ಗಂಭೀರವಾಗಿ ಪರಿಗಣಿಸಲಾಗುವುದು."

"ಸಹಿ ಯಾರದು?" ಎಂದರು.

"ನನ್ನದೇ."

"ಪ್ಯೂನಿಗೆ ಮೆಮೊ ಹೊರಡಿಸೋ ಅಧಿಕಾರ ಇಲ್ಲ. ನಿದ್ದೆ ಯಾರದು?"

"ಮಗನದು."

"ಹಾಗಾದ್ರೆ ಅವನೇ ಹೊರಡಿಸಲಿ. ಒಳ್ಳೆ ಹೆಸರೇನು?"

"ಶ್ರವಣ್."

ಕೆಳಗೆ ಬ್ರಾಕೆಟ್ಟಿನಲ್ಲಿ '(ಶ್ರವಣ್)' ಎಂದು ಬಿತ್ತು. ಮಗನ ಪರವಾಗಿ ಅಪ್ಪನೇ ಅದರ ಮೇಲೆ ಎರೆಹುಳು ಹರಿದಂಥ ಸಹಿ ಹಾಕಿದ. ವೆಂಕಟಸುಬ್ಬಯ್ಯ ಮೆಚ್ಚಿಕೊಂಡರು. ಓದಲು ಬಾರದ ಸಹಿಗೇ ತೂಕ ಹೆಚ್ಚು ಎಂಬುದು ಅವರ ಅನುಭವ.

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಮೆಮೊ ಎಂದ ಮೇಲೆ ಅದರ ಅಡಿಯಲ್ಲಿ 'ಪ್ರತಿ ರವಾನೆ' ಇರಬೇಕು. ವೆಂಕಟಸುಬ್ಬಯ್ಯನವರ ಬೆರಳು ತಾನಾಗಿಯೇ 'ಬ್ಲಾಕಿನ ಎಲ್ಲ ನಿವಾಸಿಗಳಿಗೆ' ಎಂದು ಹೊಡೆಯಿತು. ಪ್ರತಿ ಎಂದಿದ್ದ ಮೇಲೆ ಪ್ರತಿ ತೆಗೆಸದಿರುವುದು ಹೇಗೆ? ಹನ್ನೆರಡು ಪ್ರತಿ ತೆಗೆಸಿ, ಲಕೋಟೆಗೆ ಹಾಕಿ, ಮನೆ ನಂಬರ್ ಬರೆದು ಏಕನಾಥನ ಕೈಗಿಟ್ಟರು. ಆರು ವರ್ಷದ ಅಭ್ಯಾಸ. ವಿಳಾಸ ಬರೆದ ಲಕೋಟೆ ಕೈಗೆ ಬಂದರೆ ಏಕನಾಥನ ಕಾಲು ತಲೆಯನ್ನು ಕೇಳದೆ ನಡೆಯುತ್ತದೆ. ಆ ಸಂಜೆ ಬಸ್ಸಿಳಿದು, ಹನ್ನೊಂದು ಬಾಗಿಲಿಗೆ ಹನ್ನೊಂದು ಲಕೋಟೆ ಹಾಕಿ, ಹನ್ನೆರಡನೆಯದನ್ನು ತನ್ನದೇ ಬಾಗಿಲಿನ ಅಡಿಯಿಂದ ಒಳಗೆ ತಳ್ಳಿ, ಬೆಲ್ ಒತ್ತಿದ ಮೇಲೆಯೇ ಅವನಿಗೆ ತಾನು ಮಾಡಿದ್ದೇನೆಂದು ಹೊಳೆದದ್ದು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಗುಜುಗುಜು ಶುರುವಾಗಿತ್ತು.

"ಯೇ ಶ್ರವಣ್ ಸಾಹಬ್ ಕೌನ್ ಹೈ, ಭಾಯಿ?" ಎಂದ ಬ್ಲಾಕಿನ ಕಾರ್ಯದರ್ಶಿ ಚಡ್ಡಾಜಿ, ಕಾಗದವನ್ನು ಬಲ್ಬಿಗೆ ಹಿಡಿದು.

"ಹೊಸ ಡೈರೆಕ್ಟರ್ ಇರಬೇಕು," ಎಂದರು ಸರಳಾ ಟೀಚರ್. "ಭಾಷೆ ನೋಡಿ, ಎಷ್ಟು ಗಟ್ಟಿ ಇದೆ. ಗಂಭೀರವಾಗಿ ಪರಿಗಣಿಸ್ತಾರಂತೆ. ಕ್ವಾರ್ಟರ್ಸ್ ಕಿತ್ಕೊಳ್ತಾರೋ ಏನೋ!"

ಏಕನಾಥ ನಿಜ ಹೇಳಲು ಬಾಯಿ ತೆರೆದ. ಆ ಕ್ಷಣದಲ್ಲೇ ಮೇಲಿನ ಮನೆಯಲ್ಲಿ ಕುಕ್ಕರು ಕೂಗಲು ಉಸಿರೆಳೆದುಕೊಂಡಿತು. ಸರಳಾ ಟೀಚರು ಸೆರಗು ಕಟ್ಟಿ ಮೆಟ್ಟಿಲು ಹಾರಿ ಹೋಗಿ ಗ್ಯಾಸ್ ಆರಿಸಿದರು. ಚಡ್ಡಾಜಿ ಸ್ಕೂಟರನ್ನು ಸ್ಟಾರ್ಟ್ ಮಾಡದೆ, ಕರುವಿನಂತೆ ಕಿವಿ ಹಿಡಿದು ಗೇಟಿನವರೆಗೆ ತಳ್ಳಿಕೊಂಡು ನಡೆದ. ಏಕನಾಥ ತೆರೆದ ಬಾಯಿ ಮುಚ್ಚಿದ.

ಮರುದಿನ ಬೆಳಗಿನ ಹೊತ್ತಿಗೆ ಮನವಿಗಳು ಬರತೊಡಗಿದವು. ಶ್ರವಣ್ ಸಾಹೇಬರ ಆಫೀಸು ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಕಾಗದ ಮುಟ್ಟಿಸುವವನು ಪ್ಯೂನು, ಬ್ಲಾಕಿನಲ್ಲಿರುವ ಪ್ಯೂನು ಏಕನಾಥ. ಆದ್ದರಿಂದ ಎಲ್ಲರೂ ಅವನ ಕೈಗೇ ಕೊಟ್ಟರು. "ಮೆಮೊದಲ್ಲಿ ಹೇಳಿದ 'ಸದ್ದು' ಎಂಬುದರಲ್ಲಿ ಕುಕ್ಕರ್ ವಿಸಿಲ್ ಸೇರಿದೆಯೇ ಎಂದು ದಯವಿಟ್ಟು ಸ್ಪಷ್ಟಪಡಿಸಬೇಕು," ಎಂದು ಸರಳಾ ಟೀಚರ್ ಬರೆದಿದ್ದರು. ವೆಂಕಟಸುಬ್ಬಯ್ಯನವರಿಗೆ ಇಂಥ ಸುಖ ಸರ್ವೀಸಿನಲ್ಲೇ ಸಿಕ್ಕಿರಲಿಲ್ಲ. ಸಂಜೆಯೊಳಗೆ ಉತ್ತರ ಹೋಯಿತು: "ತೊಗರಿಬೇಳೆಗೆ ಸಂಬಂಧಿಸಿದಂತೆ ಏಳು ಮುಕ್ಕಾಲರೊಳಗೆ ಮೂರು ವಿಸಿಲ್‌ವರೆಗೆ ವಿನಾಯಿತಿ ಇದೆ. ರಾಜ್ಮಾ ಕುರಿತು ಪ್ರತ್ಯೇಕ ಆದೇಶ ಹೊರಡಿಸಲಾಗುವುದು." ಎರಡನೇ ಮಹಡಿಯ ಬ್ರಹ್ಮಚಾರಿ ಗುಮಾಸ್ತ, ತನಗೆ ಮದುವೆಯೇ ಆಗಿಲ್ಲವಾದ್ದರಿಂದ ಏನು ಮಾಡಬೇಕೆಂದು ಕೇಳಿದ್ದ. ಪ್ರತಿ ಸಂಜೆ 'ಮಕ್ಕಳು: ಇಲ್ಲ' ಎಂದು ವರದಿ ಸಲ್ಲಿಸುವಂತೆ ಆದೇಶವಾಯಿತು. ಅವನು ಸಲ್ಲಿಸಿದ. ಎರಡು ಪ್ರತಿಗಳಲ್ಲಿ.

ಸುದ್ದಿ ಪಕ್ಕದ ಬ್ಲಾಕಿನ ಮಹಂತೇಶರಿಗೆ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವರಿಗಾದ ಮೊದಲ ನೋವು, ತಮಗೆ ಪ್ರತಿ ಬಂದಿಲ್ಲವೆಂಬುದು. ಒಂದು ಮೆಮೊ ಹೊರಟಿದೆ, ಅದು ಪ್ಯೂನು ಇರುವ ಬ್ಲಾಕಿಗೆ ಬಂದಿದೆ, ಸೆಕ್ಷನ್ ಆಫೀಸರಿಗೆ ಬಂದಿಲ್ಲ! ಈ ಅವಮಾನವನ್ನು ಮನುಷ್ಯಮಾತ್ರರು ಒಂದೇ ರೀತಿಯಲ್ಲಿ ನುಂಗಿಕೊಳ್ಳಬಹುದು. ಅವರೂ ಹಾಗೆಯೇ ಮಾಡಿದರು.

"ಶ್ರವಣ್ ಸಾಹೇಬ್ರಾ? ನನಗೆ ಚೆನ್ನಾಗಿ ಗೊತ್ತು," ಎಂದರು ಮಂಗಳವಾರ ಸಂಜೆ ಚಡ್ಡಾಜಿಯ ಮುಂದೆ. "ಬಹಳ ಸ್ಟ್ರಿಕ್ಟ್. ಆದ್ರೆ ನನ್ನ ಕಂಡ್ರೆ ವಿಶ್ವಾಸ. ಹೋದ ತಿಂಗಳು ಊಟಕ್ಕೆ ಕರೆದಿದ್ರು."

ಅಲ್ಲಿಂದ ನೇರ ಏಕನಾಥನ ಮನೆಗೆ ಬಂದರು. ಕೈಯಲ್ಲಿ ಚಡ್ಡಾಜಿಯ ಪ್ರತಿ. ಅದರಲ್ಲಿ ತಾವೇ ಎಳೆದ ಕೆಂಪು ಶಾಯಿಯ ಅಡಿಗೆರೆಗಳು. ಒಳಗೆ ಆಗಷ್ಟೇ ಎಂಟು ಹೊಡೆದಿತ್ತು. ಭವ್ಯಶ್ರೀ ಚಿಂಟುವನ್ನು ಹಾಸಿಗೆಗೆ ಹಾಕಿದ್ದಳು. ಅವನು ಮೊದಲ ಸ್ವರ ತೆಗೆದ. ನೀಲಾವತಿ ಎತ್ತಿಕೊಳ್ಳಲು ಬಗ್ಗಿದರು.

"ಅಕ್ಕಾ! ಮುಟ್ಟಬೇಡ!" ಎಂದು ಮಹಂತೇಶ್ ಬಾಗಿಲಿನಿಂದಲೇ ಪಿಸುದನಿಯಲ್ಲಿ ಗುಡುಗಿದರು. "ನಾಲ್ಕನೇ ಪ್ಯಾರಾ ಓದಿದ್ದೀಯಾ? ಎತ್ತುವಂತಿಲ್ಲ! ಪಕ್ಕದಲ್ಲಿ ಕೂತು ತಟ್ಟಬೇಕು!"

"ಯಾರು ಹೇಳ್ಯಾರ?"

"ಶ್ರವಣ್ ಸಾಹೇಬ್ರು."

"ಅಯ್ಯ! ನಮ್ಮ ಕೂಸಿನ ಹೆಸರೂ ಅದ ಅಲ್ಲೇನೋ ತಮ್ಮಾ!"

ಭವ್ಯಶ್ರೀ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಮಹಂತೇಶ್ ಒಂದು ಗಳಿಗೆ ಯೋಚಿಸಿದರು. ಡಬಲ್ ಡಿಗ್ರಿ ಪಡೆದ ತಲೆ. ಎದುರಿಗೆ ಕಂಡದ್ದನ್ನು ಅಷ್ಟು ಸುಲಭಕ್ಕೆ ನಂಬುವ ಜಾತಿಯದಲ್ಲ.

"ಹೌದಾ? ಒಳ್ಳೇದಾಯ್ತಲ್ಲ ಅಕ್ಕಾ. ದೊಡ್ಡವರ ಹೆಸರು. ಮುಂದೆ ಇವನಿಗೂ ಅವರ ಒಂದಂಶ ಬರಲಿ. ಈ ಅಪ್ಪನ ಥರ ಆಗದಿದ್ರೆ ಸಾಕು. ತಟ್ಟು, ತಟ್ಟು. ಮೆಲ್ಲಗೆ!"

ನೀಲಾವತಿ ತಟ್ಟಿದರು. ಒಂಬತ್ತು ತಿಂಗಳು ಅಳಿಯ ಕಾಲು ಹಿಡಿದರೂ ಕೇಳದ ಮಾತನ್ನು ಟೈಪ್ ಮಾಡಿದ ನಾಲ್ಕನೇ ಪ್ಯಾರಾ ಕೇಳಿಸಿತು. ಆ ಸಂಜೆ ಚಿಂಟು ಮುಕ್ಕಾಲು ಗಂಟೆ ಅತ್ತ. ಭವ್ಯಶ್ರೀ ಅದೇ ಹಾಡನ್ನು ಹದಿನೇಳು ಸಲ ಹೇಳಿದಳು. ಏಕನಾಥ ಮಗನ ಬೆರಳನ್ನು ತನ್ನ ಬೆರಳಿಗೆ ಸಿಕ್ಕಿಸಿಕೊಂಡು ನೆಲದ ಮೇಲೆ ಕೂತಿದ್ದ. ಮಹಂತೇಶ್ ಬಾಗಿಲಲ್ಲಿ ಕೈಕಟ್ಟಿ ನಿಂತು, ಯಾರಾದರೂ ಕೆಮ್ಮಿದರೆ ಕಾಗದ ತೋರಿಸುತ್ತಿದ್ದರು.

ಬುಧವಾರ ಅರ್ಧ ಗಂಟೆ ಅತ್ತ. ಗುರುವಾರ ಹದಿನೈದು ನಿಮಿಷ. ಶುಕ್ರವಾರ ಮತ್ತೆ ಅರ್ಧ ಗಂಟೆ! ನೀಲಾವತಿ ಟ್ರಂಕಿನ ಮುಚ್ಚಳ ತೆರೆದು ಸೀರೆಗಳನ್ನು ಮಡಚಿ ಇಡತೊಡಗಿದರು. ಚಿಂಟುವಿಗೆ ಹಲ್ಲು ಬರುತ್ತಿದೆಯೆಂದು ಏಕನಾಥ ಹೇಳಿದರೆ, "ಹಲ್ಲು ರೈಲಿನ್ಯಾಗೂ ಬರ್ತದ," ಎಂದರು.

ಶನಿವಾರ ಸಂಜೆ ಏಳು ಮುಕ್ಕಾಲಕ್ಕೆ ಇಡೀ ಬ್ಲಾಕು ಉಸಿರು ಹಿಡಿದಿತ್ತು. ಅವರವರಿಗೆ ಅವರವರ ಕ್ವಾರ್ಟರ್ಸಿನ ಭಯ, ಏಕನಾಥನಿಗೆ ಹೆಂಡತಿ ಮಗುವಿನ ಭಯ. ಟಿ.ವಿ.ಗಳ ದನಿ ಅಡಗಿ, ಹನ್ನೆರಡು ಅತ್ತೆಯರು ಮೂಕರಾಗಿ ಕಣ್ಣು ಕೆಕ್ಕರಿಸುತ್ತಿದ್ದರು. ಮೆಟ್ಟಿಲಲ್ಲಿ ಜನ ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯುತ್ತಿದ್ದರು. ಗೇಟಿನಲ್ಲಿ "ಆಲೂ ಲೇ ಲೋ" ಎಂದು ಬಾಯಿ ತೆಗೆದ ತರಕಾರಿ ಮಾರುವ ಭಯ್ಯಾನ ಬಾಯನ್ನು ಬ್ರಹ್ಮಚಾರಿ ಗುಮಾಸ್ತ ಹಿಂದಿನಿಂದ ಮುಚ್ಚಿ, ಕ್ಷಮೆ ಕೇಳಿ, ಎರಡು ಕಿಲೋ ಆಲೂಗಡ್ಡೆ ಕೊಂಡ.

ಎಂಟಕ್ಕೆ ಸರಿಯಾಗಿ ಚಿಂಟುವನ್ನು ಹಾಸಿಗೆಗೆ ಹಾಕಿದರು. ಅವನು ಸೂರು ನೋಡಿದ. ಅಪ್ಪನನ್ನು ನೋಡಿದ. ಮುಖ ಕಿವುಚಿದ. ನೀಲಾವತಿ, ಮಹಂತೇಶ್, ಬಾಗಿಲಾಚೆಯ ಚಡ್ಡಾಜಿ, ಮೂವರೂ ಮುಖ ಕಿವುಚಿದರು. ಚಿಂಟು ದೊಡ್ಡದಾಗಿ ಆಕಳಿಸಿ, ಮಗ್ಗುಲು ಹೊರಳಿ, ಹೆಬ್ಬೆರಳು ಬಾಯಿಗಿಟ್ಟು, ಎಂಟು ಗಂಟೆ ಏಳು ನಿಮಿಷಕ್ಕೆ ಮಲಗಿದ. ಯಾರೂ ತೂಗಲಿಲ್ಲ. ಯಾರೂ ಕುಣಿಸಲಿಲ್ಲ.

ಎಂಟೂವರೆಗೆ ನೀಲಾವತಿ ಮೆಲ್ಲಗೆ ಎದ್ದು ಟ್ರಂಕಿನಿಂದ ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆದು ಗೂಟಕ್ಕೆ ಹಾಕಿದರು. "ತಮ್ಮಾ," ಎಂದರು ಪಿಸುದನಿಯಲ್ಲಿ, "ಮುಂಜಾನೆ ಹೋಗಿ ಟಿಕೆಟ್ ಕ್ಯಾನ್ಸಲ್ ಮಾಡಿಸಿಕೊಂಡು ಬಾ." ಭವ್ಯಶ್ರೀ ಗಂಡನ ಕಡೆ ನೋಡಿ ನಗಲು ಹೋದಳು, ನಗು ಮುಗಿಯುವ ಮೊದಲೇ ಗೋಡೆಗೊರಗಿ ಅವಳಿಗೂ ನಿದ್ದೆ ಬಂದಿತ್ತು.

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಬ್ಲಾಕಿನ ಮುಂದಿನ ಹುಲ್ಲಿನಲ್ಲಿ ಸಭೆ. ಇದು ಚಡ್ಡಾಜಿಯ ಏರ್ಪಾಡು. ಬ್ಲಾಕಿನಲ್ಲಿ ಬೇರೆ ನಾಲ್ಕು ಮಕ್ಕಳೂ ಈ ವಾರ ಹೊತ್ತಿಗೆ ಸರಿಯಾಗಿ ಮಲಗಿದ್ದವು. ಅವುಗಳ ತಾಯಂದಿರು ಎಷ್ಟೋ ತಿಂಗಳ ಮೇಲೆ ಬಿಸಿ ಊಟ ಉಂಡಿದ್ದರು. ಆದ್ದರಿಂದ ಶ್ರವಣ್ ಸಾಹೇಬರಿಗೆ ಸನ್ಮಾನ. ಕರೆತರುವ ಹೊಣೆ, ಅವರ ಆಪ್ತರಾದ ಮಹಂತೇಶರದು. ಚೆಂಡುಹೂವಿನ ಹಾರ, ಕೆಂಪು ವೆಲ್ವೆಟ್ಟಿನ ಒಂದು ಕುರ್ಚಿ. ಸುದ್ದಿ ತಿಳಿದು ವೆಂಕಟಸುಬ್ಬಯ್ಯನವರೂ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದು ಮೊದಲ ಸಾಲಿನಲ್ಲಿ ಕೂತಿದ್ದರು.

ಮಹಂತೇಶ್ ರೈಲ್ವೆ ಕೌಂಟರಿನ ಕ್ಯೂನಿಂದ ಬೆವರುತ್ತ ಬಂದರು. "ಸಾಹೇಬ್ರು ಟೂರ್ ಮೇಲೆ ಹೋಗಿದ್ದಾರೆ. ಬೆಳಿಗ್ಗೆ ನನಗೇ ಫೋನ್ ಮಾಡಿದ್ರು. ಎಲ್ಲರಿಗೂ ಆಶೀರ್ವಾದ ಹೇಳಿ ಅಂದ್ರು."

"ಇಲ್ಲವಲ್ಲಾ," ಎಂದರು ವೆಂಕಟಸುಬ್ಬಯ್ಯ ಕನ್ನಡಕ ಏರಿಸಿ. "ಸಾಹೇಬ್ರು ಇಲ್ಲೇ ಬರ್ತಿದ್ದಾರೆ."

ಭವ್ಯಶ್ರೀ ಮೆಟ್ಟಿಲಿಳಿದು ಬರುತ್ತಿದ್ದಳು. ಕಂಕುಳಲ್ಲಿ ಚಿಂಟು, ಅವನ ಕೈಯಲ್ಲಿ ಅರ್ಧ ಕಚ್ಚಿದ ಬಿಸ್ಕತ್ತು.

"ಮೆಮೊ ಹೊರಡಿಸಿದ ಅಧಿಕಾರಿ ಇವರೇ. ಶ್ರವಣ್, ಸನ್ ಆಫ್ ಏಕನಾಥ. ವಯಸ್ಸು ಒಂಬತ್ತು ತಿಂಗಳು. ವಿಷಯ ಅವರದ್ದು, ಸಲಹೆ ಅಪ್ಪನದು, ಟೈಪಿಂಗ್ ನನ್ನದು."

ಹುಲ್ಲಿನ ಮೇಲೆ ಒಂದು ಕ್ಷಣ ಎಂಟು ಗಂಟೆಯ ಮೌನ. ಮಹಂತೇಶರ ಮುಖ ಕುರ್ಚಿಯ ಬಣ್ಣಕ್ಕೆ ತಿರುಗಿತು.

"ಇದು ಮೋಸ! ಫೋರ್ಜರಿ! ಇವನಿಗೆ ಸಹಿ ಹಾಕೋ ಅಧಿಕಾರ ಯಾರು ಕೊಟ್ರು?"

"ಅಪ್ರಾಪ್ತ ವಯಸ್ಕರ ಪರವಾಗಿ ತಂದೆ ಸಹಿ ಮಾಡಬಹುದು ಸಾರ್. ಯಾವ ಆಫೀಸಿನ ಹೆಸರೂ ಅದರಲ್ಲಿಲ್ಲ. ಓದಿ ನೋಡಿ. ತಾವೇ ಕೆಂಪು ಶಾಯಿಯಲ್ಲಿ ಗೆರೆ ಹಾಕಿದ್ದೀರಿ," ಎಂದರು ವೆಂಕಟಸುಬ್ಬಯ್ಯ.

"ಮಹಂತೇಶ್ ಅವರೇ," ಎಂದರು ಸರಳಾ ಟೀಚರ್ ಬಹಳ ವಿನಯದಿಂದ, "ಹೋದ ತಿಂಗಳು ಸಾಹೇಬ್ರು ಊಟಕ್ಕೆ ಕರೆದಿದ್ರಲ್ಲ, ಏನು ಬಡಿಸಿದ್ರು? ಸೆರೆಲ್ಯಾಕಾ?"

ಚಡ್ಡಾಜಿಗೆ ಯಾರೋ ಅದನ್ನು ಹಿಂದಿಗೆ ಮಾಡಿ ಹೇಳಿದರು. ಅವನು ಹೊಟ್ಟೆ ಹಿಡಿದು, ಪಂಜಾಬಿಯಲ್ಲಿ ಏನೋ ಅಂದು, ಹಾರ ಎತ್ತಿಕೊಂಡು ಬಂದು ಚಿಂಟುವಿನ ಕೊರಳಿಗೆ ಹಾಕಿದ. ಹಾರ ಚಿಂಟುವಿನ ಕಾಲು ದಾಟಿ ಭವ್ಯಶ್ರೀಯ ಮೊಣಕಾಲಿಗೆ ಇಳಿಯಿತು. ಚಿಂಟು ಒಂದು ಹೂವನ್ನು ಕಿತ್ತು ತಿನ್ನಲು ನೋಡಿದ. ಜನ ನಕ್ಕ ನಗು ಪಕ್ಕದ ಬ್ಲಾಕಿನ ಕಿಟಕಿಗಳನ್ನೆಲ್ಲ ತೆರೆಸಿತು. ಈ ಸಲ ಶಿಸ್ತಿನ ಪ್ರಶ್ನೆ ಇರಲಿಲ್ಲ, ನಗು ನಿಜವಾದದ್ದಾಗಿತ್ತು. ನೀಲಾವತಿ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕು, ಕಣ್ಣೊರಸಿಕೊಂಡು, "ನಮ್ಮ ಅಳಿಯಂದ್ರು ಸಾಮಾನ್ಯರಲ್ಲ!" ಎಂದು ಪಕ್ಕದವರಿಗೆಲ್ಲ ಹೇಳಿದರು, ಆ ಸಂಗತಿ ತಮಗೆ ಮೊದಲಿನಿಂದಲೂ ಗೊತ್ತಿದ್ದ ಹಾಗೆ.

ಮಹಂತೇಶ್ ಮೇಲೆ ನೋಡಿದರು, ಕೆಳಗೆ ನೋಡಿದರು. ಇಪ್ಪತ್ತೆರಡು ವರ್ಷದ ಸರ್ವೀಸು ಸುಮ್ಮನೆ ಹೋಗುವುದಿಲ್ಲ. ಮುಳುಗುವ ಫೈಲಿನಲ್ಲೂ ತಮ್ಮದೊಂದು ಟಿಪ್ಪಣಿ ಸೇರಿಸಿ ಮೇಲೇಳುವ ವಿದ್ಯೆ ಅವರಿಗಿತ್ತು. ನಾಲ್ಕು ಹೆಜ್ಜೆ ಮುಂದೆ ಬಂದು ಏಕನಾಥನ ಹೆಗಲ ಮೇಲೆ ಕೈಯಿಟ್ಟರು.

"ಏನಪ್ಪಾ ಏಕನಾಥ," ಎಂದರು ಎಲ್ಲರಿಗೂ ಕೇಳುವಂತೆ. "ಬಾಗಿಲಲ್ಲಿ ಐದು ದಿನ ನಿಂತು ಜಾರಿಗೆ ತಂದದ್ದು ಯಾರು? ಇದರ ಹಿಂದೆ ಮೊದಲಿನಿಂದಲೂ ನನ್ನ ಮಾರ್ಗದರ್ಶನ ಇತ್ತು ಅಲ್ವಾ? ಹೇಳು. ಎಲ್ಲರ ಮುಂದೆ ಹೇಳಿಬಿಡು."

ಎಲ್ಲರೂ ಏಕನಾಥನ ಕಡೆ ತಿರುಗಿದರು. ಅವನ ಗಂಟಲಲ್ಲಿ ಒಂದು ವಾರದ ಮಾತುಗಳು ಸಾಲುಗಟ್ಟಿ ನಿಂತಿದ್ದವು. ಕೆಲವಂತೂ ಹೆಂಗಸರ ಮುಂದೆ ಆಡುವಂಥವಲ್ಲ. ಅವನು ಬಾಯಿ ತೆರೆಯಲು ಹೋದ. ಅಷ್ಟರಲ್ಲಿ ಚಿಂಟು ಬಿಸ್ಕತ್ತು ಬಿಸಾಡಿ, ಎರಡೂ ಮುಷ್ಟಿಯಿಂದ ಕಣ್ಣು ಉಜ್ಜಿಕೊಂಡು, ಅಪ್ಪನ ಕಡೆ ಕೈಚಾಚಿದ.

ಏಕನಾಥ ಮಾವನ ಕೈಯನ್ನು ಹೆಗಲಿನಿಂದ ಮೆಲ್ಲಗೆ ತೆಗೆದ. ಮಗನನ್ನು ಎತ್ತಿಕೊಂಡು ಹಾರ ಬಿಡಿಸಿ, ಅದನ್ನು ಖಾಲಿ ಕುರ್ಚಿಯ ಮೇಲಿಟ್ಟ. ಚಿಂಟುವಿನ ತಲೆ ಅವನ ಭುಜಕ್ಕೆ ಬಿತ್ತು. ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಏಕನಾಥ ಅವರ ನಡುವೆ ಮೆಟ್ಟಿಲ ಕಡೆ ನಡೆದ.

"ಅರೇ, ಕೇಳಿದ್ದಕ್ಕೆ ಉತ್ತರ ಕೊಡಯ್ಯಾ—" ಎಂದು ಮಹಂತೇಶ್ ದನಿಯೇರಿಸಿದರು.

"ಶ್ಶ್!" ಎಂದಿತು ಇಡೀ ಬ್ಲಾಕು.

ಏಕನಾಥ ತಿರುಗಿ ನೋಡದೆ ಮೆಟ್ಟಿಲು ಹತ್ತಿದ.